ತಂದೆಯ ಹೆಸರು: ತಿಳಿದಿಲ್ಲ

ಬೊಗೊಟಾ
14 ನವೆಂಬರ್ 1994

ತಿಬಕೂತ ಚರ್ಚಿನ ಕಚೇರಿಗೆ,

ಮಾನ್ಯರೇ,

1971ರ ಡಿಸೆಂಬರ್‌ನಲ್ಲಿ ನಿಮ್ಮ ಚರ್ಚಿನಲ್ಲಿ ನನಗೆ ಜ್ಞಾನಸ್ನಾನವಾಯಿತೆಂದು ನನ್ನ ತಾಯಿ ಹೇಳುತ್ತಾರೆ. ಬರುವ ಜನವರಿ 14ಕ್ಕೆ ನನ್ನ ಮದುವೆ ಗೊತ್ತಾಗಿದೆ. ಇಲ್ಲಿಯ ಗುರುಗಳಿಗೆ ನಿಮ್ಮ ದಾಖಲೆ ಪುಸ್ತಕದ ಹೊಸ ಪ್ರತಿ ಬೇಕಂತೆ. ನನ್ನ ಹೆಸರು ಯೆಸೀದ್, ತಾಯಿ ಎರ್ಮಿಂದಾ ಸನಾಬ್ರಿಯಾ.

ತಾರೀಖು ಯಾವುದೆಂದು ಅಮ್ಮನನ್ನು ಕೇಳಿದೆ. "ಒಂದು ಮಂಗಳವಾರ, ಮಧ್ಯಾಹ್ನ. ಆ ಕಚೇರೀಲಿ ಒಬ್ಬಳಿದ್ದಳು. ಇನ್ನೂ ಇದ್ರೆ ಅವಳಿಗೆ ಪುಟ ಹುಡುಕೋ ಕಷ್ಟ ಇರಲ್ಲ" ಎಂದರು. ಯಾರೆಂದು ಹೇಳಲಿಲ್ಲ. ತೊಂದರೆಗೆ ಕ್ಷಮೆಯಿರಲಿ. ವಿಳಾಸ ಕೆಳಗಿದೆ.

ವಿಶ್ವಾಸಿ,
ಯೆಸೀದ್ ಸನಾಬ್ರಿಯಾ


ತಿಬಕೂತ
27 ನವೆಂಬರ್ 1994, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ

ಎರ್ಮಿಂದಾ,

"ಪ್ರೀತಿಯ" ಎಂದು ಬರೆದಿದ್ದೆ. ಆ ಹಾಳೆಯನ್ನು ಹರಿದುಹಾಕಿ ಬರೀ ಹೆಸರಿನಿಂದ ಶುರು ಮಾಡುತ್ತಿದ್ದೇನೆ.

ನಿನ್ನ ಮಗನ ಕಾಗದ ಬಂದು ಹತ್ತು ದಿನವಾಯಿತು. ಪ್ರತಿಯನ್ನು ಮರುದಿನವೇ ಕಳಿಸಬಹುದಿತ್ತು. ಪುಟ ಹುಡುಕುವ ಕಷ್ಟ ನಿಜಕ್ಕೂ ಇರಲಿಲ್ಲ. ಹದಿನೇಳನೆಯ ಪುಸ್ತಕ, ಎಡಗಡೆಯ ಪುಟ, ಮೇಲಿಂದ ಮೂರನೆಯದು. ಇಷ್ಟು ವರ್ಷ ಆ ಪುಸ್ತಕದ ಧೂಳು ಒರೆಸಿದ್ದೇನೆ, ತೆರೆದಿಲ್ಲ. ಮೊನ್ನೆ ತೆರೆದೆ. ನನ್ನದೇ ಅಕ್ಷರ, ದುಂಡಗೆ, ಮುತ್ತು ಪೋಣಿಸಿದ ಹಾಗೆ. ಆಗ ಎಲ್ಲರೂ ಹೊಗಳುತ್ತಿದ್ದರಲ್ಲ. "ತಂದೆಯ ಹೆಸರು: ತಿಳಿದಿಲ್ಲ."

ನೀನು ನನ್ನನ್ನು ಮಗುವಿನ ಜ್ಞಾನತಾಯಿಯಾಗು, ಜ್ಞಾನಸ್ನಾನಕ್ಕೆ ನೀನೇ ಎತ್ತಿಕೊಂಡು ನಿಲ್ಲು ಎಂದು ಕೇಳಿದ್ದೆ. ಆಗಲಿ ಎಂದಿದ್ದೆ ಕೂಡ. ಆ ದಿನ ನೀನು ಬಿಳಿ ಶಾಲಿನಲ್ಲಿ ಮಗುವನ್ನು ಸುತ್ತಿಕೊಂಡು ಬಂದಾಗ, "ನಾನು ಪುಸ್ತಕ ಬರೀಬೇಕಲ್ಲ, ಎರಡೂ ಮಾಡೋಕಾಗಲ್ಲ" ಎಂದುಬಿಟ್ಟೆ. ಗಂಟೆ ಬಾರಿಸುವವನ ಹೆಂಡತಿಯನ್ನು ಕರೆದು ನಿಲ್ಲಿಸಬೇಕಾಯಿತು. ಕ್ರಿಸ್ಮಸ್ ಗೋದಲಿಗೆ ಪಾಚಿ ಹಾಸುತ್ತಿದ್ದ ನಾಲ್ಕು ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಫಾದರ್ ಸತುರ್ನೀನೊಗೆ ಕಿವಿ ಮಂದ, ಆದ್ದರಿಂದ ಮಾತು ಜೋರು. "ತಂದೆ ಯಾರು?" ಎಂದರು. ಚರ್ಚಿಗೆಲ್ಲ ಕೇಳಿಸಿತು. ನೀನು ಅಳಲಿಲ್ಲ. ನನ್ನ ಮುಖ ನೋಡಿ ಹೇಳಿದೆ: "ಒಬ್ದುಲಿಯಾನ ಕೇಳಿ ಸ್ವಾಮಿ. ಅವಳಿಗೆ ಗೊತ್ತು."

"ಗೊತ್ತೇನಮ್ಮ?"

"ಗೊತ್ತಿಲ್ಲ ಸ್ವಾಮಿ."

ಗೊತ್ತಿತ್ತು. ನಿನಗೂ ನನ್ನ ಅಣ್ಣ ಮಿಸಾಯೆಲನಿಗೂ ನಡುವೆ ಒಂದು ವರ್ಷ ಚೀಟಿ ಸಾಗಿಸಿದವಳು ನಾನೇ ಅಲ್ಲವೇ. ಆದರೆ ಹಿಟ್ಟಿನ ಗಿರಣಿಯವರ ಮಗಳು ಲೀಹಿಯಾಗೂ ಅವನಿಗೂ ಮದುವೆಯ ಮಾತುಕತೆ ಮುಗಿದಿತ್ತು. ಅವ್ವ ಹೊಸ ಪರದೆ ಹೊಲಿಸಿದ್ದಳು. ಆಮೇಲೆ ಊರು "ಯಾವನೋ ಸಿಪಾಯಿ ಇರ್ಬೇಕು" ಎಂದು ಆಡಿಕೊಂಡಾಗಲೂ ನಾನು ತಲೆ ಬಗ್ಗಿಸಿ ನನ್ನ ಕೆಲಸ ಮಾಡಿಕೊಂಡಿದ್ದೆ.

ಇವತ್ತು ಪೂಜೆಗೆ ಮುಂಚೆ ಆಗಮನದ ಮೊದಲ ಮೇಣದಬತ್ತಿ ಹಚ್ಚಿದವಳು ನಾನು. ಎರಡು ಕಡ್ಡಿ ಆರಿ ಮೂರನೆಯದಕ್ಕೆ ಹತ್ತಿತು. ಈ ದಿನಗಳಲ್ಲಿ ಎಲ್ಲರೂ ಮರಿಯಳನ್ನು ನೆನೆಯುತ್ತಾರೆ. ನನ್ನ ತಲೆಯಲ್ಲಿ ಜೋಸೆಫರೇ ಕೂತಿದ್ದಾರೆ. ತನ್ನದಲ್ಲದ ಬಸಿರು ಎಂದು ಗೊತ್ತಾದಾಗಲೂ ಆ ಮನುಷ್ಯ ಅವಳ ಮಾನ ಬೀದಿಗೆ ಬೀಳಬಾರದು ಎಂದುಕೊಂಡ. ನನ್ನ ಮನೆಯದೇ ಕೂಸು ಎಂದು ಗೊತ್ತಿದ್ದೂ ನಾನು ನಿನ್ನ ಮಾನವನ್ನು ನಾಲ್ಕು ಹೆಂಗಸರ ಮುಂದೆ ಹರಡಿ ಒಣಹಾಕಿದೆ.

ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ. ಪ್ರತಿ ಇದರ ಜೊತೆಗಿದೆ. ಅದನ್ನು ನಕಲು ಮಾಡುವಾಗ ಆ "ತಿಳಿದಿಲ್ಲ" ಎಂಬ ಪದ ಮತ್ತೊಮ್ಮೆ ನನ್ನ ಕೈಯಿಂದಲೇ ಬರೆಯಬೇಕಾಯಿತು.

ಒಬ್ದುಲಿಯಾ


ಬೊಗೊಟಾ
2 ಡಿಸೆಂಬರ್ 1994

ಒಬ್ದುಲಿಯಾ,

ಪ್ರತಿ ಬಂತು. ಕಾಗದಾನೂ ಬಂತು. ಪ್ರತೀನ ಯೆಸೀದ್ ಕೈಗೆ ಕೊಟ್ಟೆ. ಕಾಗದಾನ ಉಪ್ಪಿನ ಡಬ್ಬಿ ಕೆಳಗಿಟ್ಟು ಎರಡು ದಿನ ಆ ಕಡೆ ತಲೆ ಹಾಕ್ಲಿಲ್ಲ.

ನೀನು ಸುಳ್ಳು ಹೇಳ್ದೆ ಅಂತ ನಂಗೆ ಹೊಸದಾಗಿ ತಿಳಿಸ್ಬೇಕಾ? ನಾನು ಅಲ್ಲೇ ನಿಂತಿದ್ನಲ್ಲೇ. ನಿಂಗೆ ನಾಚಿಕೆ ಆಗ್ತಿದ್ಯಂತೆ. ಆಗ್ಲಿ. ನಂಗೂ ಆಗಿತ್ತು, ಇಪ್ಪತ್ತೆರಡನೇ ವಯಸ್ಸಲ್ಲಿ, ಹಾಲು ತರೋಕೆ ಬೀದಿಗಿಳಿದಾಗೆಲ್ಲ. ನಿನ್ನದು ಇಷ್ಟು ತಡವಾಗಿ ಬಂದಿದೆ ಅಂದ್ರೆ ದಾರೀಲಿ ಬಸ್ಸು ತಪ್ಪಿಸ್ಕೊಂಡಿರ್ಬೇಕು.

ನನ್ನ ಬಗ್ಗೆ ನೀನು ಕೇಳ್ಲಿಲ್ಲ. ಕೇಳೋ ಧೈರ್ಯ ಇರ್ಲಿಲ್ಲ ಅನ್ಕೋತೀನಿ. ಹೇಳ್ತೀನಿ. ಮೊದ್ಲೆರಡು ವರ್ಷ ಒಂದು ಆಸ್ಪತ್ರೇಲಿ ಬಟ್ಟೆ ಒಗೆದೆ. ಆಮೇಲೆ ಹೊಲಿಗೆ. ಯೆಸೀದ್‌ಗೆ ನಾಲ್ಕು ತುಂಬಿದಾಗ ಅಬೆಲಾರ್ದೊ ಸಿಕ್ಕಿದ. ಬಸ್ ಓಡಿಸ್ತಿದ್ದ. ಮಗೂನ ಮಡಿಲಲ್ಲಿ ಕೂರಿಸ್ಕೊಂಡು ಸ್ಟೀರಿಂಗ್ ಹಿಡಿಸ್ತಿದ್ದ, ಪ್ರಯಾಣಿಕರೆಲ್ಲ ಬಾಯಿಗೆ ಬಂದಂಗೆ ಬೈಯೋರು. ನೀನು ಜೋಸೆಫರ ಬಗ್ಗೆ ಪುಟಗಟ್ಟಲೆ ಬರೀತೀಯ. ನಮ್ಮನೇಲಿ ಒಬ್ಬ ಇದ್ದ ಕಣೇ, ಗೊರಕೆ ಹೊಡೀತಿದ್ದ, ಹುರಿದ ಹಂದಿ ಅಂದ್ರೆ ಪ್ರಾಣ. ಹೋದ ಮಾರ್ಚಲ್ಲಿ ತೀರ್ಕೊಂಡ. ಯೆಸೀದ್‌ಗೆ ಏಳು ವರ್ಷಕ್ಕೇ ನಿಜ ಹೇಳಿದ್ವಿ. "ಹುಟ್ಟಿಸಿದವನು ಬರ್ಲಿಲ್ಲ, ಇವರು ಬಂದ್ರು" ಅಂತ. ಸರಿ ಅಂದ, ಆಟಕ್ಕೆ ಓಡಿಹೋದ.

ನಿನ್ನ ಹತ್ರ ನಂಗೆ ಏನೂ ಬೇಡ. ಒಂದೇ ಒಂದು ಕೇಳ್ತೀನಿ, ಅದೂ ಅಬೆಲಾರ್ದೊ ಇಲ್ಲ ಅನ್ನೋ ಧೈರ್ಯಕ್ಕೆ. ಹೊಟ್ಟೆ ಮುಂದೆ ಬಂದ್ಮೇಲೆ ಜನವರೀಲಿ ಬಸ್ ಹತ್ತೋವರೆಗೂ ನಿನ್ನ ಅಣ್ಣ ಒಂದು ಮಾತೂ ಕಳಿಸ್ಲಿಲ್ಲ. ಬೈಗುಳನಾದ್ರೂ ಕಳಿಸ್ಬಹುದಿತ್ತು. ಅಷ್ಟೂ ಬೇಡವಾಗಿದ್ನಾ ನಾನು?

ಎರ್ಮಿಂದಾ


ತಿಬಕೂತ
6 ಡಿಸೆಂಬರ್ 1994

ಎರ್ಮಿಂದಾ,

ಕಳಿಸಿದ್ದ.

ಈ ಒಂದು ಪದ ಬರೆದು ಎದ್ದುಹೋಗಿ ಅಂಗಳ ಗುಡಿಸಿ ಬಂದೆ. ನನ್ನ ಮೊದಲ ಕಾಗದದಲ್ಲಿ ತಪ್ಪೊಪ್ಪಿಕೊಂಡೆ ಎಂದು ಬೀಗಿದ್ದೆ. ಚಿಕ್ಕ ಪಾಪವನ್ನು ಮುಂದಿಟ್ಟು ದೊಡ್ಡದನ್ನು ಬೆನ್ನ ಹಿಂದೆ ಹಿಡಿದಿದ್ದೆ. ನೀನು ಕೇಳಿದ್ದರಿಂದ ಹೇಳುತ್ತಿದ್ದೇನೆ. ಕೇಳದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ದೇವರಿಗೇ ಗೊತ್ತು.

ಆ ವರ್ಷ ಆಗಸ್ಟ್‌ನಲ್ಲಿ, ಹೆರಿಗೆಗೆ ಇನ್ನೂ ಒಂದು ತಿಂಗಳಿರುವಾಗ, ಮಿಸಾಯೆಲ್ ಅಡುಗೆಮನೆಗೆ ಬಂದ. ನಾನು ಆಲೂಗಡ್ಡೆ ಬೇಯಿಸುತ್ತಿದ್ದೆ. ಅಂಗಿಯೊಳಗಿಂದ ಮಡಿಚಿದ ಕಾಗದ ತೆಗೆದ. "ಎರ್ಮಿಂದಾಗೆ ಕೊಡು. ಇವತ್ತೇ. ಉತ್ತರ ತಗೊಂಡೇ ಬಾ" ಎಂದ. ಅಂಟಿಸಿರಲಿಲ್ಲ. ಓದಿದೆ. ನಾಲ್ಕೇ ಸಾಲು. ಗಿರಣಿಯವರ ಸಂಬಂಧ ಬಿಡುತ್ತೇನೆ, ಮಗುವಿಗೆ ನನ್ನ ಹೆಸರು ಕೊಡುತ್ತೇನೆ, ನೀನು ಹೂಂ ಎಂದರೆ ಭಾನುವಾರ ಇಬ್ಬರೂ ಗುರುಗಳ ಹತ್ತಿರ ಹೋಗೋಣ. ಕೊನೆಯಲ್ಲಿ, ನನಗೆ ಹೆದರಿಕೆಯಾಗುತ್ತಿದೆ ಆದರೂ ಹೋಗೋಣ, ಎಂದಿತ್ತು.

ಅದನ್ನು ಒಲೆಗೆ ಹಾಕಿದೆ. ಸಂಜೆ ಅವನಿಗೆ ಹೇಳಿದೆ, "ಕೊಟ್ಟೆ. ಓದಿ ಸುಮ್ಮನಾದಳು. ಉತ್ತರ ಇಲ್ಲವಂತೆ." ಎರಡು ದಿನ ಬಿಟ್ಟು ಮತ್ತೆ ಕೇಳಿದ. ಮತ್ತೆ ಅದೇ ಹೇಳಿದೆ. ಆಮೇಲೆ ಅವನು ಕೇಳಲಿಲ್ಲ.

ಯಾಕೆ ಎಂದು ನೀನು ಕೇಳುವೆ. ಅವ್ವನ ಹೊಸ ಪರದೆ, ಗಿರಣಿ, ಊರಿನ ಬಾಯಿ, ಇವೆಲ್ಲ ಕಾರಣಗಳನ್ನು ಪಾಪನಿವೇದನೆಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. "ಮನೆಯ ಮರ್ಯಾದೆಗಾಗಿ ಒಂದು ಕಾಗದ ಮುಟ್ಟಿಸಲಿಲ್ಲ" ಎಂದು. ಗುರುಗಳು ಮೂರು ನಮೋ ಮರಿಯಾ ಹೇಳಿಕೊ ಎಂದು ಕಳಿಸುತ್ತಿದ್ದರು. ನಿಜ ಬೇರೆ. ಆ ನಾಲ್ಕು ಸಾಲು ಓದಿದಾಗ ನನಗೆ ಉರಿದುಹೋಯಿತು. ನೀವಿಬ್ಬರೂ ಎಲ್ಲಿಗೋ ಹೋಗಿ ಬದುಕುತ್ತೀರಿ. ನಾನು ಈ ಅಡುಗೆಮನೆಯಲ್ಲಿ ಅವ್ವನ ಜೊತೆ ಉಳಿಯುತ್ತೇನೆ. ಹೆದರಿಕೆಯಾಗುತ್ತಿದೆ ಆದರೂ ಹೋಗೋಣ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ, ಕರೆಯುವವರೂ ಇರಲಿಲ್ಲ. ಇಷ್ಟೇ ಎರ್ಮಿಂದಾ. ಹೊಟ್ಟೆಕಿಚ್ಚು. ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟೆ.

ಈ ವಾರ ನಮ್ಮ ಮನೆಯ ಗೋದಲಿಯ ಬೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದೆ. ದೇವದೂತನ ಬೊಂಬೆ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಜೋಸೆಫರ ಕನಸಿನಲ್ಲಿ ದೂತ ಬಂದ, ಹೆದರಬೇಡ, ಅವಳನ್ನು ಮನೆಗೆ ಕರೆದುಕೋ ಎಂದ, ಅವರು ಎದ್ದು ಹಾಗೇ ಮಾಡಿದರು. ದೂತ ಆ ಮಾತನ್ನು ಮುಟ್ಟಿಸದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಜೋಸೆಫರು ಒಳ್ಳೆಯವರಾಗಿಯೇ ಉಳಿದು ಅವಳನ್ನು ಸದ್ದಿಲ್ಲದೆ ಕೈಬಿಡುತ್ತಿದ್ದರು. ಮರಿಯಳು ಬಾಗಿಲು ನೋಡುತ್ತಾ ಕೂತಿರುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕಲ್ಲುಮನಸ್ಸಿನವರು ಎಂದುಕೊಳ್ಳುತ್ತಿದ್ದರು. ನಡುವೆ ದೂತ ಮಾತ್ರ ಬೆಳ್ಳಗೆ ರೆಕ್ಕೆ ಮಡಿಚಿಕೊಂಡು ಚರ್ಚಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿಕೊಳ್ಳುತ್ತಿದ್ದ.

ನೀನು ಬೇಡವಾಗಿರಲಿಲ್ಲ. ಈ ಮಾತು ಇಪ್ಪತ್ತಮೂರು ವರ್ಷ ನನ್ನ ಹತ್ತಿರ ಇತ್ತು. ತಗೋ.

ನಾಳೆ ಮಿಸಾಯೆಲನಿಗೆ ಹೇಳುತ್ತೇನೆ.

ಒಬ್ದುಲಿಯಾ


ತಿಬಕೂತ
9 ಡಿಸೆಂಬರ್ 1994

ಎರ್ಮಿಂದಾ,

ನಿನ್ನಿಂದ ಉತ್ತರ ಬಂದಿಲ್ಲ. ಬರಲೆಂದು ಬರೆಯುತ್ತಿಲ್ಲ. ಹೇಳುತ್ತೇನೆ ಎಂದಿದ್ದೆ, ಹೇಳಿದೆ, ಅದನ್ನು ತಿಳಿಸಬೇಕು.

ಏಳನೆಯ ತಾರೀಖು ಸಂಜೆ, ಮರಿಯಮಾತೆಯ ಹಬ್ಬದ ಹಿಂದಿನ ದಿನ, ಬೀದಿಯುದ್ದಕ್ಕೂ ಎಲ್ಲರೂ ಮೇಣದಬತ್ತಿ ಹಚ್ಚುತ್ತಿದ್ದರು. ಮಿಸಾಯೆಲ್ ತನ್ನ ಮನೆ ಮುಂದೆ ಮಂಡಿಯೂರಿ ಗಾಳಿಗೆ ರಟ್ಟು ಅಡ್ಡ ಇಡುತ್ತಿದ್ದ. ಈಗ ತಲೆಯೆಲ್ಲ ಬೆಳ್ಳಗಾಗಿದೆ ಅವನಿಗೆ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ, ಒಲೆಯವರೆಗೂ.

ಅವನು ಮೊದಲು ಆರಿದ ಒಂದು ಬತ್ತಿಯನ್ನು ಮತ್ತೆ ಹಚ್ಚಿದ. ಆಮೇಲೆ, "ಓದಿ ಸುಮ್ಮನಾದಳು ಅಂದಿದ್ದೆ" ಎಂದ.

"ಹೌದು."

"ಎರಡು ಸಲ ಕೇಳಿದ್ದೆ ನಿನ್ನ."

"ಹೌದಣ್ಣಾ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನ ಮುಖ ಕುಸಿಯಿತು. "ಎರಡು ಬೀದಿ ದೂರ ಕಣೇ ಅವಳ ಮನೆ. ಎರಡೇ ಬೀದಿ. ನನಗೆ ಕಾಲಿರಲಿಲ್ವಾ? ನೀನು 'ಉತ್ತರ ಇಲ್ಲ' ಅಂದಾಗ ನನಗೆ ಎಷ್ಟು ನೋವಾಯ್ತೋ ಅಷ್ಟೇ ಹಗುರಾನೂ ಆಯ್ತು. ಅದನ್ನ ಯಾರಿಗೂ ಹೇಳಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ನನಗೆ, ಒಬ್ದುಲಿಯಾ."

ಹಿಂದೆ ಬಾಗಿಲಲ್ಲಿ ಲೀಹಿಯಾ ನಿಂತಿದ್ದಳು, ಕೈಯಲ್ಲಿ ಬೆಲ್ಲದ ಬಿಸಿನೀರಿನ ಲೋಟಗಳು. ಎಷ್ಟು ಹೊತ್ತಿನಿಂದಲೋ. ಅವಳು ಲೋಟಗಳನ್ನು ಮೆಟ್ಟಿಲ ಮೇಲಿಟ್ಟು, "ಆರಿಹೋಗುತ್ತೆ, ಕುಡೀರಿ ಅಣ್ಣ ತಂಗಿ. ಹಾಲುಗಲ್ಲದ ಮಕ್ಕಳ ಹಾಗೆ ಕೂತಿದ್ದೀರಿ" ಎಂದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಮಿಸಾಯೆಲ್ ಆ ರಾತ್ರಿ ತನ್ನ ಅಂಗಡಿಯಲ್ಲೇ ಮಲಗಿದನಂತೆ.

ನಿನ್ನೆ ಪೂಜೆಯಾದ ಮೇಲೆ ಕಚೇರಿಗೆ ಬಂದ. ಪುಸ್ತಕದಲ್ಲಿ ಹೆಸರು ಸೇರಿಸಲು ಯಾರ ಮುಂದೆ ಸಹಿ ಹಾಕಬೇಕೋ ಹಾಕುತ್ತೇನೆ ಎಂದ. ಫಾದರ್ ಅನ್ಸೆಲ್ಮೊ, ಈಗಿನ ಗುರುಗಳು, ಬಿಷಪ್ಪರಿಗೆ ಬರೆದು ಕೇಳಬೇಕು, ಆದರೆ ಆಗುವ ಕೆಲಸ ಎಂದರು. ಯೆಸೀದ್ ಏನನ್ನುತ್ತಾನೋ ತಿಳಿಸು. ನೀನು ಬರೆಯಲು ಇಷ್ಟವಿಲ್ಲದಿದ್ದರೆ ಅವನೇ ಬರೆಯಲಿ.

ಒಬ್ದುಲಿಯಾ


ತಿಬಕೂತ
17 ಡಿಸೆಂಬರ್ 1994

ಎರ್ಮಿಂದಾ,

ನಿನ್ನೆಯದನ್ನು ಬೇರೆಯವರಿಂದ ಕೇಳುವ ಮುಂಚೆ ನನ್ನಿಂದಲೇ ತಿಳಿದುಕೋ. ಇಲ್ಲಿಯ ಸುದ್ದಿ ನಮ್ಮ ಅಂಚೆಗಿಂತ ಬೇಗ ಬೊಗೊಟಾ ಮುಟ್ಟುತ್ತದೆ.

ನಿನ್ನೆ ಕ್ರಿಸ್ಮಸ್ ನೊವೇನಾದ, ಆ ಒಂಬತ್ತು ದಿನದ ಪ್ರಾರ್ಥನೆಯ, ಮೊದಲ ದಿನ. ಗೋದಲಿಯ ಮುಂದೆ ಪ್ರಾರ್ಥನೆಗೆ ಮುಂಚೆ ಪ್ರಭುವಿನ ವಂಶಾವಳಿ ಓದುವುದು ನಮ್ಮ ಊರಿನ ಪದ್ಧತಿ, ನೆನಪಿರಬೇಕು. ಹದಿನೆಂಟು ವರ್ಷದಿಂದ ಓದುತ್ತಿರುವವಳು ನಾನು. ಈ ಸಲ ಎಲ್ಲವನ್ನೂ ಅಲ್ಲೇ, ಜನರ ಮುಂದೆ ಹೇಳಿಬಿಡುತ್ತೇನೆ ಎಂದು ಫಾದರ್ ಅನ್ಸೆಲ್ಮೊಗೆ ಹೇಳಿದ್ದೆ. ಅವರು ನನ್ನ ಮಗನಾಗುವ ವಯಸ್ಸಿನವರು. "ಒಬ್ದುಲಿಯಾ ಅಮ್ಮಾ, ಹೇಳಿ ನೀವು ಹಗುರಾಗ್ತೀರಿ. ಆ ಹೊರೆ ಲೀಹಿಯಾ ತಲೆ ಮೇಲೆ, ಅವರ ಮಕ್ಕಳ ತಲೆ ಮೇಲೆ ಕೂರುತ್ತೆ. ನಿಮ್ಮ ಪಾಲಿನದು ಎಷ್ಟೋ ಅಷ್ಟೇ ಹೇಳಿ" ಎಂದರು. ನನ್ನ ಪಶ್ಚಾತ್ತಾಪದಲ್ಲೂ ನನಗೆ ನಾನೇ ಮುಖ್ಯ ಎಂದು ಆಗ ಗೊತ್ತಾಯಿತು. ಅಲ್ಲಿಯೂ ನಾಚಿಕೆಯಾಯಿತು.

ಓದಲು ನಿಂತೆ. ಅಬ್ರಹಾಮನಿಂದ ಶುರು. ಇವನು ಅವನಿಗೆ ತಂದೆ, ಅವನು ಮತ್ತೊಬ್ಬನಿಗೆ ತಂದೆ. ನಡುನಡುವೆ ನಾಲ್ಕು ಹೆಂಗಸರ ಹೆಸರು ಬರುತ್ತದೆ, ಒಬ್ಬೊಬ್ಬರ ಬಗ್ಗೆಯೂ ಊರು ಏನೋ ಆಡಿಕೊಂಡಿತ್ತು. ಇಷ್ಟು ವರ್ಷ ಅವರನ್ನು ದಾಟಿಕೊಂಡು ಓದಿದ್ದೆ. ಕೊನೆಗೆ ಜೋಸೆಫರು ಬಂದರು. ನೋಡು, ಆ ಮಗು ಅವರ ರಕ್ತವಲ್ಲ. ಆದರೂ ಅಷ್ಟು ತಲೆಮಾರುಗಳೆಲ್ಲ ನಡೆದು ಬಂದು ಅವರ ಬಾಗಿಲಲ್ಲೇ ನಿಲ್ಲುತ್ತವೆ. ನಿನ್ನ ಅಬೆಲಾರ್ದೊ ನೆನಪಾದ. ಕಂಡಿರದ ಆ ಮನುಷ್ಯನ ಮುಂದೆ ನಿಂತ ಹಾಗಾಗಿ ಓದುವುದು ನಿಂತುಹೋಯಿತು.

ಮುಂದಿನ ಬೆಂಚಿನಿಂದ ಮುದುಕಿ ಎದೂವಿಗೆಸ್, "ಏನಾಯ್ತೇ, ಹಲ್ಲಿನ ಸೆಟ್ ಬಿತ್ತಾ?" ಎಂದಳು. ಜನ ನಕ್ಕರು.

ಆ ನಗುವಿನ ಮಧ್ಯದಲ್ಲೇ ಹೇಳಿದೆ. "ಇಪ್ಪತ್ತಮೂರು ವರ್ಷದ ಹಿಂದೆ ಇದೇ ಚರ್ಚಿನಲ್ಲಿ ಒಂದು ಮಗುವಿನ ತಂದೆ ಯಾರೆಂದು ಗುರುಗಳು ಕೇಳಿದರು. ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಬರೆದೆ. ಅದಕ್ಕೆ ಮುಂಚೆ ನನ್ನ ಕೈಗೆ ಕೊಟ್ಟ ಒಂದು ಕಾಗದ ಸುಟ್ಟೆ. ನೀವೆಲ್ಲ ಆ ತಾಯಿಯ ಬಗ್ಗೆ ಆಡಿಕೊಂಡಿರಿ, ನಾನು ಕೇಳಿಸಿಕೊಂಡು ಕೂತಿದ್ದೆ. ತಪ್ಪು ಅವಳದಲ್ಲ, ನನ್ನದು." ನಿನ್ನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಅಂದು ಪಾಚಿ ಹಾಸುತ್ತಾ ನಿನ್ನನ್ನು ನೋಡಿದ್ದ ನಾಲ್ಕು ಹೆಂಗಸರಲ್ಲಿ ಎದೂವಿಗೆಸ್ ಒಬ್ಬಳು. ಅವಳು ಶಾಲಿನಿಂದ ಬಾಯಿ ಮುಚ್ಚಿಕೊಂಡಳು.

ಆಗ ಹಿಂದಿನ ಸಾಲಿನಲ್ಲಿ ಒಂದು ಬೆಂಚು ಕಿರುಗುಟ್ಟಿತು. ಮಿಸಾಯೆಲ್ ಎದ್ದುನಿಂತ. ಟೋಪಿ ಕೈಯಲ್ಲಿ. ಎಲ್ಲರೂ ತಿರುಗಿ ನೋಡಿದರು, ಎಲ್ಲರಿಗೂ ಅರ್ಥವಾಯಿತು. ಲೀಹಿಯಾ ಅವನ ಪಕ್ಕದಲ್ಲೇ ಕೂತು ನೇರ ಗೋದಲಿಯನ್ನೇ ನೋಡುತ್ತಿದ್ದಳು. ಕೊನೆಗೆ ಅವಳೇ ಜೋರಾಗಿ, "ಪ್ರಾರ್ಥನೆ ಮುಂದುವರಿಸಿ ಸ್ವಾಮಿ. ಮಕ್ಕಳಿಗೆ ಚಳಿ ಆಗ್ತಿದೆ" ಎಂದಳು. ಅವಳ ಧ್ವನಿ ಒಂದು ಚೂರೂ ನಡುಗಲಿಲ್ಲ. ಆಮೇಲೆ ಗಂಡನ ತೋಳು ಹಿಡಿದು ಕೂರಿಸಿದಳು. ಎಳೆದಳೋ, ಆಸರೆ ಕೊಟ್ಟಳೋ, ನನಗೆ ತಿಳಿಯಲಿಲ್ಲ.

ಕಚೇರಿಯ ಬೀಗದ ಕೈ ಗುರುಗಳಿಗೆ ಕೊಟ್ಟು ಬಂದಿದ್ದೇನೆ.

ಒಬ್ದುಲಿಯಾ


ಬೊಗೊಟಾ
22 ಡಿಸೆಂಬರ್ 1994

ಶ್ರೀಮತಿ ಒಬ್ದುಲಿಯಾ ಅವರಿಗೆ,

ಅಮ್ಮ ನಿಮ್ಮ ಕಾಗದಗಳನ್ನೆಲ್ಲ ನನ್ನ ಮುಂದಿಟ್ಟು ಓದು ಎಂದರು. ಓದಿದೆ. ಅಮ್ಮ ಒಂದು ವಾರ ಹೊಲಿಗೆ ಯಂತ್ರದ ಮುಂದೆ ಕೂತು ಏನೂ ಹೊಲಿಯಲಿಲ್ಲ. ಕೇಳಿದರೆ, "ಅವನು ಕರೆದಿದ್ದನಂತೆ" ಎಂದಷ್ಟೇ ಅನ್ನುತ್ತಿದ್ದರು. ಅವರು ಅಳುವುದನ್ನು ಅಪ್ಪ ತೀರಿಕೊಂಡ ದಿನ ಬಿಟ್ಟರೆ ಈಗಲೇ ನೋಡಿದ್ದು.

ಮಿಸಾಯೆಲ್ ಅವರು ಸಹಿ ಹಾಕುವುದು ಬೇಡ. ಕೋಪದಿಂದ ಹೇಳುತ್ತಿಲ್ಲ. ಶಾಲೆಗೆ ಸೇರಿಸುವಾಗ ತಂದೆಯ ಜಾಗ ಖಾಲಿ ಬಿಟ್ಟಿದ್ದ ಫಾರಂ ನೋಡಿ, ನನ್ನ ಅಪ್ಪ ಅಂಗಿಯ ಕಿಸೆಯಲ್ಲಿದ್ದ ಪೆನ್ನು ತೆಗೆದು ತಮ್ಮ ಹೆಸರು ಬರೆದರು. "ಹೀಗೆಲ್ಲ ಬರೀಬಾರ್ದು, ದಾಖಲೆ ಬೇಕು" ಎಂದು ಗುಮಾಸ್ತೆ ರೇಗಿದರು. "ಬರೆದಾಯ್ತಲ್ಲಮ್ಮ, ಇಂಕಿನಲ್ಲಿ ಬರೆದಿದ್ದೀನಿ, ಈಗೇನ್ಮಾಡ್ತೀರಿ?" ಎಂದರಂತೆ ಅಪ್ಪ. ನನಗೆ ಆ ಹೆಸರು ಸಾಕು. ಚರ್ಚಿನ ಪುಸ್ತಕದಲ್ಲಿ ಅವರ ಹೆಸರು ಬರುವ ಹಾಗಿಲ್ಲವೆಂದರೆ ಬೇರೆ ಯಾರದೂ ಬರುವುದು ಬೇಡ. ನೀವು ಬರೆದದ್ದು ಹಾಗೆಯೇ ಇರಲಿ.

ಇದು ನಿಮಗೆ ಶಿಕ್ಷೆಯಂತೆ ಕಾಣಬಹುದು. ನಾನು ಹಾಗೆ ಯೋಚಿಸಿರಲಿಲ್ಲ. ಈಗ ಬರೆಯುವಾಗ ಹೊಳೆಯಿತು. ಆದರೂ ಬದಲಿಸುವುದಿಲ್ಲ.

ಮಿಸಾಯೆಲ್ ಅವರನ್ನು ಎಂದಾದರೂ ನೋಡಬೇಕೆಂದು ನನಗೆ ಅನ್ನಿಸಿದರೆ ನಾನೇ ಬಂದು ಬಾಗಿಲು ತಟ್ಟುತ್ತೇನೆ. ಎರಡು ಬೀದಿಯ ಮಾತು ಅವರು ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು.

ಯೆಸೀದ್


ಬೊಗೊಟಾ
29 ಡಿಸೆಂಬರ್ 1994

ಒಬ್ದುಲಿಯಾ,

ನಿಂಗೆ ಬರೀಬಾರ್ದು ಅಂತ ಶಪಥ ಮಾಡಿದ್ದೆ. ಕ್ರಿಸ್ಮಸ್ ದಿನ ಪೂಜೇಲಿ ಮಗು ಯೇಸುವಿನ ಪಾದಕ್ಕೆ ಮುತ್ತು ಕೊಡೋ ಸಾಲಲ್ಲಿ ನಿಂತಾಗ ಮುರಿದ್ಬಿತ್ತು ಆ ಶಪಥ. ಯಾಕೆ ಅಂತ ಗೊತ್ತಿಲ್ಲ. ಕಾಲುನೋವಿರಬೇಕು.

ನೀನು ಒಲೆಗೆ ಹಾಕಿದ ಆ ನಾಲ್ಕು ಸಾಲು ನಾನು ಓದಿದ್ರೆ ಹೂಂ ಅಂತಿದ್ದೆ. ಅಂದಿದ್ರೆ ಅಬೆಲಾರ್ದೊ ನಂಗೆ ಸಿಕ್ತಿರ್ಲಿಲ್ಲ. ಈಗ ನಾನು ಯಾವುದಕ್ಕೆ ಅಳ್ಬೇಕು ಹೇಳು? ಇಂಥ ಗಂಟು ಹಾಕಿಟ್ಟಿದ್ದೀಯ. ಸಿಕ್ಕು ಬಿಡಿಸೋಕೆ ಕೂತ್ರೆ ನನ್ನ ಬಾಳೇ ಬಿಚ್ಚಿಹೋಗುತ್ತೆ.

ಕ್ಷಮಿಸಿದ್ದೀನಿ ಅಂದ್ಕೋಬೇಡ. ಇಲ್ಲ. ಬೆಳಗ್ಗೆ ಒಂದಿಷ್ಟು ಕ್ಷಮಿಸಿರ್ತೀನಿ, ಅಡುಗೆ ಆಗೋ ಹೊತ್ತಿಗೆ ವಾಪಸ್ ತಗೊಂಡಿರ್ತೀನಿ. ಆದ್ರೆ ಮದುವೇಲಿ ಅರವತ್ತು ಜನಕ್ಕೆ ಊಟ, ನಂಗೆ ಸಹಾಯಕ್ಕೆ ಯಾರೂ ಇಲ್ಲ, ಹುಡುಗಿ ಕಡೆಯೋರಿಗೆ ಸೂಪಿಗೆ ಆಲೂಗಡ್ಡೆ ಎಷ್ಟು ದಪ್ಪ ಹೆಚ್ಚಬೇಕು ಅಂತಾನೂ ಗೊತ್ತಿಲ್ಲ. ಹದಿಮೂರನೇ ತಾರೀಖು ಬೆಳಗಿನ ಬಸ್ಸಿಗೆ ಬಾ. ಅಡುಗೆಮನೆ ಬೆಂಚಿನ ಮೇಲೆ ಮಲಗಬಹುದು. ಒಬ್ಬಳೇ ಬಾ. ಊರಿನ ಆಲೂಗಡ್ಡೆ ಒಂದು ಮೂಟೆ ತಾ, ಇಲ್ಲಿಯವು ನೀರು ನೀರು.

ನನ್ನ ಹತ್ರ ಆ ವಿಷಯ ತೆಗೀಬೇಡ. ತೆಗೆದ್ರೆ ಅಲ್ಲಿಂದಲೇ ವಾಪಸ್ ಬಸ್ ಹತ್ತಿಸ್ತೀನಿ.

ಎರ್ಮಿಂದಾ


ತಿಬಕೂತ
17 ಜನವರಿ 1995

ಯೆಸೀದ್,

ನಾನು ಕ್ಷೇಮವಾಗಿ ಊರು ಮುಟ್ಟಿದೆ. ಅಮ್ಮನಿಗೆ ಹೇಳು. ಅವಳಿಗೆ ಬೇರೆ ಬರೆಯುತ್ತೇನೆ. ಇದು ನಿನಗೆ.

ಮದುವೆಯ ಹಿಂದಿನ ದಿನ ಬಾಗಿಲು ತೆಗೆದವನು ನೀನು. ಮಿಸಾಯೆಲನ ಹುಬ್ಬು, ಎರ್ಮಿಂದಾಳ ಬಾಯಿ. ಮೂಟೆಯನ್ನು ಹೊಸ್ತಿಲ ಮೇಲಿಳಿಸಿದೆ. ನೀನು ಏನೂ ಕೇಳದೆ ಮೂಟೆಯನ್ನು ಹೆಗಲಿಗೆ ಹಾಕಿಕೊಂಡು, "ಒಳಗೆ ಬನ್ನಿ, ಅಮ್ಮ ಕಾಯ್ತಿದ್ದಾರೆ. ಬೈಯೋಕೆ" ಎಂದೆ. ಅವಳು ಬೈಯಲಿಲ್ಲ. ಚಾಕು ಕೈಗೆ ಕೊಟ್ಟಳು. ಎದುರುಬದುರು ಕೂತು ಮೂರು ಗಂಟೆ ಸುಲಿದೆವು. ಸಿಪ್ಪೆ ದಪ್ಪ ತೆಗೆಯುತ್ತೀಯ ಎಂದು ಎರಡು ಸಲ ಗದರಿದಳು. ಅಷ್ಟು ಹಿತವಾದ ಗದರಿಕೆ ನಾನು ಕೇಳಿರಲಿಲ್ಲ.

ಮದುವೆಯ ದಿನ ನಾನು ಅಡುಗೆಮನೆಯಿಂದ ಹೊರಗೆ ಬರಬಾರದು ಎಂದುಕೊಂಡಿದ್ದೆ. ಯಾರಾದರೂ ನೀವು ಯಾರು ಎಂದು ಕೇಳಿದರೆ ಏನು ಹೇಳಲಿ ಎಂಬ ಭಯ. ಅಬೆಲಾರ್ದೊ ಅವರ ತಂಗಿ ಕೇಳಿಯೇ ಕೇಳಿದರು. "ಊರಿನವಳು, ಆಲೂಗಡ್ಡೆ ತಂದವಳು" ಎಂದೆ. ಸುಳ್ಳಲ್ಲ. ಆದರೆ ಇಪ್ಪತ್ತಮೂರು ವರ್ಷದ ಅಭ್ಯಾಸ, ಅರ್ಧ ನಿಜ ಹೇಳುವುದು ನನಗೆ ಎಷ್ಟು ಸಲೀಸಾಗಿ ಬಂತು ಎಂದು ಆಮೇಲೆ ಹೊಳೆಯಿತು.

ಆಮೇಲೆ ಫೋಟೋ ತೆಗೆಯುವ ಹೊತ್ತು. ನೀನು ಹೆಂಡತಿಯ ಕೈ ಹಿಡಿದು ಅಂಗಳದ ಮಧ್ಯದಲ್ಲಿ ನಿಂತಿದ್ದೆ. ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಅಷ್ಟು ಜನರ ಮುಂದೆ, ಕೂಗಿದೆ: "ಅತ್ತೇ! ಬನ್ನಿ ಇಲ್ಲಿ, ನಿಮ್ಮದೊಂದು ಬಾಕಿ."

ನಾನು ಬರಲಿಲ್ಲ. ತಿರುಗಿ ಪಾತ್ರೆ ತೊಳೆಯಲು ನಿಂತೆ. "ಪಾಪ, ಅವರಿಗೆ ಕಿವಿ ಕೇಳಿಸಲ್ಲ ಅನ್ಸುತ್ತೆ" ಎಂದು ಯಾರೋ ಅಂದರು. ಮತ್ತೊಮ್ಮೆ ಕೂಗಿ ನೀನು ಸುಮ್ಮನಾದೆ. ಎರ್ಮಿಂದಾ ಬಾಗಿಲಿಗೆ ಬಂದು ನನ್ನ ಬೆನ್ನನ್ನು ನೋಡಿ ಹೋದಳು.

ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ಮಗೂ. ಎರಡು ಸಲವೂ ಕೇಳಿಸಿತು. ನೀನು ಮೂರು ತಿಂಗಳ ಕೂಸಾಗಿದ್ದಾಗಲೇ ನನಗೆ ಸಲ್ಲಬೇಕಿದ್ದ ಪದ ಅದು. ಅದನ್ನು ನಾನೇ ತುಳಿದುಹಾಕಿದ್ದೆ. ನೀನು ಅದನ್ನು ಎತ್ತಿಕೊಂಡು, ಒರೆಸಿ, ಹಬ್ಬದ ಮಧ್ಯೆ ಕೈಗೆ ಕೊಡಲು ಬಂದಾಗ ಕೈ ಮುಂದಾಗಲಿಲ್ಲ. ಕೈ ತುಂಬ ಸೋಪಿನ ನೊರೆ ಇತ್ತು ಎಂದು ಹೇಳಬಹುದಿತ್ತು. ಅದು ನೆಪ. ನಾಚಿಕೆಯಾಯಿತು.

ಊರಿಗೆ ಬಂದ ಮೇಲೆ ಮನೆಯ ಗೋದಲಿ ಬಿಚ್ಚಿದೆ. ಬೊಂಬೆಗಳನ್ನು ಹುಲ್ಲಿನಲ್ಲಿ ಸುತ್ತಿಟ್ಟೆ. ಒಣಗಿದ ಪಾಚಿಯನ್ನು ತೋಟಕ್ಕೆ ಹಾಕಿದೆ. ಮನೆ ಖಾಲಿಯಾಯಿತು. ಆಮೇಲೆ ಕೈ ತೊಳೆದು, ಒರೆಸಿಕೊಂಡು, ಕೂತು ಇದನ್ನು ಬರೆಯುತ್ತಿದ್ದೇನೆ.

ಇಂತಿ,
ನಿನ್ನ ಅತ್ತೆ
ಒಬ್ದುಲಿಯಾ